ತೆರೆಯ ಮೇಲೆ ಐದು ಮಿಲಿಮೀಟರ್, ಬಾಯಲ್ಲಿ ಎಷ್ಟು?

ಪ್ರಶ್ನೆ: ನನಗೆ 31 ವರ್ಷ. ಮೇಲಿನ ಹಲ್ಲುಸಾಲು ಕಿರಿದಾಗಿದೆ. ನಕ್ಕಾಗ ಕೆನ್ನೆಗೂ ಹಲ್ಲಿಗೂ ನಡುವೆ ಎರಡೂ ಬದಿ ಕಪ್ಪು ಸಂದು ಕಾಣುತ್ತದೆ. ಮುಂದಿನ ಹಲ್ಲುಗಳು ಸ್ವಲ್ಪ ಒತ್ತಿಕೊಂಡಿವೆ. ಪಾರದರ್ಶಕ ಅಲೈನರ್ (ಹಲ್ಲಿನ ಮೇಲೆ ಕೂರುವ ತೆಳು ಪ್ಲಾಸ್ಟಿಕ್ ತಟ್ಟೆ) ಹಾಕಿ ಸಾಲನ್ನು ಅಗಲ ಮಾಡೋಣ ಎಂದು ಡಾಕ್ಟರ್ ಹೇಳಿದ್ದಾರೆ. ಕಂಪ್ಯೂಟರ್‌ನಲ್ಲಿ ತೋರಿಸಿದ ಪ್ಲಾನ್ ಪ್ರಕಾರ ಪ್ರೀಮೋಲಾರ್ (ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲು) ಹತ್ತಿರ 5 ಮಿ.ಮೀ., ಮೊದಲ ದವಡೆಹಲ್ಲಿನ ಹತ್ತಿರ 4 ಮಿ.ಮೀ. ಅಗಲವಾಗುತ್ತದಂತೆ. ನನ್ನ ಗೆಳತಿಯೂ ಹೀಗೇ ಮಾಡಿಸಿಕೊಂಡಿದ್ದಳು. ಕೊನೆಗೆ ಅವಳ ಹಿಂದಿನ ಹಲ್ಲುಗಳು ಸರಿಯಾಗಿ ಕೂಡುವುದೇ ನಿಂತುಹೋಯಿತು. ಅಷ್ಟು ಅಗಲ ನಿಜಕ್ಕೂ ಆಗುತ್ತದಾ? ಹೇಗೂ ಕಡಿಮೆ ಬರುತ್ತದೆ ಅಂತ ಮೊದಲೇ ಜಾಸ್ತಿ ಕೇಳಿಬಿಡಬೇಕಾ? ಆದಮೇಲೆ ಹಾಗೇ ಉಳಿಯುತ್ತದಾ?

ಉತ್ತರ: ಮೊದಲು ನೇರ ಉತ್ತರ. ಅಗಲವಾಗುತ್ತದೆ, ಆದರೆ ತೆರೆಯ ಮೇಲೆ ತೋರಿಸಿದಷ್ಟು ಆಗುವುದು ಕಡಿಮೆ. ಪ್ರೀಮೋಲಾರ್ ಹತ್ತಿರ ಕೇಳಿದ್ದರಲ್ಲಿ ಬಹುಪಾಲು ಸಿಗುತ್ತದೆ. ಹಿಂದಕ್ಕೆ ಹೋದ ಹಾಗೆ ಸಿಗುವುದು ಇಳಿಯುತ್ತದೆ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಸಿಕ್ಕ ಅಗಲದಲ್ಲಿ ದೊಡ್ಡ ಪಾಲು ಹಲ್ಲು ಹೊರಕ್ಕೆ ವಾಲಿದ್ದರಿಂದ ಬಂದಿರುತ್ತದೆ, ಬೇರುಸಮೇತ ಸರಿದದ್ದರಿಂದ ಅಲ್ಲ. ನಿಮ್ಮ ಗೆಳತಿಯ ತೊಂದರೆಯ ಮೂಲ ಬಹುಶಃ ಅಲ್ಲೇ ಇದೆ.

ಆ ಕಂಪ್ಯೂಟರ್ ಚಿತ್ರದ ಬಗ್ಗೆ ಒಂದು ತಪ್ಪು ಕಲ್ಪನೆ ಎಲ್ಲರಲ್ಲೂ ಇದೆ. ಹಲ್ಲುಗಳು ನೀರಿನ ಮೇಲೆ ತೇಲಿದ ಹಾಗೆ ಮೆಲ್ಲಗೆ ಸರಿದು ಸಾಲಾಗಿ ನಿಲ್ಲುತ್ತವೆ. ನೋಡಲು ಚೆನ್ನಾಗಿರುತ್ತದೆ, ಅಲ್ವಾ? ಆದರೆ ಅದು ಭವಿಷ್ಯ ಹೇಳುವ ಚಿತ್ರ ಅಲ್ಲ. ನಾವು ಹಲ್ಲಿನ ಮುಂದೆ ಇಡುವ ಬೇಡಿಕೆ ಅದು. ಆ ಬೇಡಿಕೆಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುತ್ತಾರೆ. ಒಂದು ಅಲೈನರ್‌ಗೆ ಸುಮಾರು ಕಾಲು ಮಿಲಿಮೀಟರ್ ಲೆಕ್ಕ. ಪ್ರತಿ ಹೆಜ್ಜೆಯ ಆಕಾರಕ್ಕೆ ಪ್ಲಾಸ್ಟಿಕ್ ತಟ್ಟೆ ಒತ್ತಿ ಕೊಡುತ್ತಾರೆ. ನಿಮ್ಮ ಬೇರು ಎಷ್ಟು ಉದ್ದ, ಅದರ ಹೊರಗಿನ ಎಲುಬು ಎಷ್ಟು ತೆಳು, ಕೆನ್ನೆಯ ಸ್ನಾಯು ಎಷ್ಟು ಬಿಗಿ, ದಿನಕ್ಕೆ ಎಷ್ಟು ಗಂಟೆ ಹಾಕಿಕೊಳ್ಳುತ್ತೀರಿ, ಇವು ಯಾವುವೂ ಆ ಚಿತ್ರ ಓಡುವಾಗ ಲೆಕ್ಕಕ್ಕೆ ಬರುವುದಿಲ್ಲ. ತೆರೆಯ ಮೇಲೆ 5 ಅಂದರೆ ಯಾವಾಗಲೂ 5 ಆಗುತ್ತದೆ. ಬಾಯಿ ಅಷ್ಟು ವಿಧೇಯ ಅಲ್ಲ.

ಯಾಕೆ ವಾಲುತ್ತದೆ ಅನ್ನುವುದಕ್ಕೆ ಗೂಟದ ಉದಾಹರಣೆ ಸಾಕು. ಹಸಿ ಮಣ್ಣಿನಲ್ಲಿ ನೆಟ್ಟ ಬೇಲಿಗೂಟದ ತಲೆಗೆ ಕೈಯಿಟ್ಟು ತಳ್ಳಿ ನೋಡಿ. ಗೂಟ ಇಡಿಯಾಗಿ ಪಕ್ಕಕ್ಕೆ ಸರಿಯುವುದಿಲ್ಲ. ತಲೆ ಆ ಕಡೆ ಹೋಗುತ್ತದೆ, ಬುಡ ಈ ಕಡೆ ಬರುತ್ತದೆ. ಹಲ್ಲೂ ಹಾಗೆಯೇ. ಅಲೈನರ್ ಹಿಡಿದುಕೊಳ್ಳುವುದು ಒಸಡಿನಿಂದ ಹೊರಗೆ ಕಾಣುವ ಭಾಗವನ್ನು ಮಾತ್ರ. ಹಲ್ಲಿನ ತಡೆಯ ನಡುಬಿಂದು ಮಾತ್ರ ಎಲುಬಿನ ಒಳಗೆ, ಬೇರಿನ ಮೇಲೆ ಇರುತ್ತದೆ. ದವಡೆಹಲ್ಲಿನಲ್ಲಿ ಅದು ಬೇರುಗಳು ಕವಲೊಡೆಯುವ ಜಾಗದ ಆಸುಪಾಸು. ಮೇಲಿನಿಂದ ತಳ್ಳಿದರೆ ತಲೆ ಮೊದಲು ಓಡುತ್ತದೆ. ಬೇರೂ ಜೊತೆಗೇ ಸರಿಯಬೇಕೆಂದರೆ ತಳ್ಳುವುದರ ಜೊತೆಗೆ ತಿರುಚುವ ಬಲವೂ ಬೇಕು. ತಂತಿ ಬ್ರೇಸಸ್‌ನಲ್ಲಿ ಚೌಕ ತಂತಿ ಆ ಕೆಲಸ ಮಾಡುತ್ತದೆ. ತೆಳು ಪ್ಲಾಸ್ಟಿಕ್‌ನ ಒಸಡಿನ ಕಡೆಯ ಅಂಚು ಮೆತ್ತಗೆ ಬಾಗಿ ಹೊರಕ್ಕೆ ಬಿಟ್ಟುಕೊಳ್ಳುತ್ತದೆ, ತಿರುಚುವಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ.

ಈಗ ಅಂಕಿಗೆ ಬರೋಣ. 2017ರಲ್ಲಿ ಆಂಗಲ್ ಆರ್ಥೊಡಾಂಟಿಸ್ಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 64 ಮಂದಿ ವಯಸ್ಕರಲ್ಲಿ ಇನ್ವಿಸಲೈನ್ ಎಂಬ ಬ್ರ್ಯಾಂಡಿನ ಅಲೈನರ್ ಪ್ಲಾನ್ ಹೇಳಿದ ಅಗಲವನ್ನೂ ಬಾಯಲ್ಲಿ ಬಂದ ಅಗಲವನ್ನೂ ಹೋಲಿಸಿದ್ದರು. ಮೇಲಿನ ಸಾಲಿನಲ್ಲಿ ಒಟ್ಟು ನಿಖರತೆ ಶೇ. 72.8. ಆ ಒಂದೇ ಅಂಕಿ ನೋಡಿ ಮುಂದೆ ಹೋಗಬೇಡಿ, ಅದನ್ನು ಬಿಡಿಸಿದರೆ ಕತೆ ಇದೆ. ಹಲ್ಲಿನ ತುದಿಯಲ್ಲಿ ಅಳೆದಾಗ ಶೇ. 82.9, ಅದೇ ಹಲ್ಲನ್ನು ಒಸಡಿನ ಅಂಚಿನಲ್ಲಿ ಅಳೆದಾಗ ಶೇ. 62.7. ಹಲ್ಲಿನ ತುದಿ ಮುಂದೆ ಹೋಗಿದೆ, ಬುಡ ಹಿಂದೆ ಉಳಿದಿದೆ. ನಮ್ಮ ಗೂಟವೇ ಇದು. ಕೆಳಗಿನ ಸಾಲಿನಲ್ಲಿ ಇನ್ನೂ ಚೆನ್ನಾಗಿ ಬಂದಿತ್ತು. ತುದಿಯಲ್ಲಿ ಶೇ. 98.9, ಒಸಡಿನ ಅಂಚಿನಲ್ಲಿ ಶೇ. 76.4.

ಕೆಳಗೆ ಯಾಕೆ ಅಷ್ಟು ಚೆನ್ನಾಗಿ ಬರುತ್ತದೆ ಎಂದು ಕೇಳಬಹುದು. ಕೆಳಗಿನ ದವಡೆಹಲ್ಲುಗಳು ಹುಟ್ಟಾ ನಾಲಿಗೆಯ ಕಡೆಗೆ ಸ್ವಲ್ಪ ವಾಲಿಕೊಂಡೇ ಇರುತ್ತವೆ. ಅವನ್ನು ನೆಟ್ಟಗೆ ಎಬ್ಬಿಸಿ ನಿಲ್ಲಿಸಿದರೂ ಸಾಲು ಅಗಲವಾಯಿತು ಎಂದೇ ಲೆಕ್ಕ. ಅಲೈನರ್‌ಗೆ ಸುಲಭವಾಗಿ ಬರುವ ಕೆಲಸವೇ ಹಲ್ಲನ್ನು ವಾಲಿಸುವುದು. ಅಲ್ಲಿ ಬೇಕಿರುವುದೂ ಅದೇ. ಹೀಗಾಗಿ ಪ್ಲಾನ್‌ಗೂ ಬಾಯಿಗೂ ತಾಳೆಯಾಗುತ್ತದೆ.

2020ರಲ್ಲಿ ಅದೇ ಪತ್ರಿಕೆಯಲ್ಲಿ ಚೀನಾದ ಇಬ್ಬರು ಸಂಶೋಧಕರ ಬರಹ ಬಂತು. ಅವರದು ಬರೀ 20 ಮಂದಿಯ ಸಣ್ಣ ಗುಂಪು. ಆದರೆ ಬೇರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಮೇಲಿನ ಸಾಲಿನಲ್ಲಿ ಕೋರೆಹಲ್ಲಿನ ಹತ್ತಿರ ಕೇಳಿದ್ದರಲ್ಲಿ ಸುಮಾರು ಶೇ. 80 ಸಿಕ್ಕಿತ್ತು, ಮೊದಲ ಪ್ರೀಮೋಲಾರ್ ಹತ್ತಿರ 76, ಎರಡನೆಯದರ ಹತ್ತಿರ 73, ಮೊದಲ ದವಡೆಹಲ್ಲಿನ ಹತ್ತಿರ 68. ಮೆಟ್ಟಿಲು ಇಳಿದ ಹಾಗೆ ಇದೆ, ಅಲ್ವಾ? ಮೊದಲ ದವಡೆಹಲ್ಲಿನಲ್ಲಿ ಬೇರುಸಮೇತ ಸರಿದ ಪಾಲು ಸರಾಸರಿ ಶೇ. 36 ಮಾತ್ರ. ಉಳಿದದ್ದು ವಾಲಿಕೆ.

ಈ ಅಂಕಿಗಳನ್ನು ನಿಮ್ಮ ಪ್ಲಾನ್ ಮೇಲೆ ಇಟ್ಟು ನೋಡೋಣ. ಪ್ರೀಮೋಲಾರ್‌ನಲ್ಲಿ ಕೇಳಿದ 5ಕ್ಕೆ ಸಿಗುವುದು ಸುಮಾರು 3.8 ಮಿ.ಮೀ. ದವಡೆಹಲ್ಲಿನಲ್ಲಿ ಕೇಳಿದ 4ಕ್ಕೆ ಸುಮಾರು 2.7. ಇದೂ ಸರಾಸರಿ ಲೆಕ್ಕ. ಆ ಅಧ್ಯಯನದಲ್ಲೇ ದವಡೆಹಲ್ಲಿನ ಅಂಕಿ ಒಬ್ಬರಿಂದ ಒಬ್ಬರಿಗೆ 20, 25 ಅಂಕ ಆಚೀಚೆ ಆಗಿತ್ತು. ಅಂದರೆ ಒಬ್ಬರಿಗೆ ಕೇಳಿದ್ದೆಲ್ಲ ಬಂದಂತೆಯೇ, ಇನ್ನೊಬ್ಬರಿಗೆ ಅರ್ಧಕ್ಕೂ ಕಡಿಮೆ. ಸರಾಸರಿಗೆ ಬಾಯಿ ಇರುವುದಿಲ್ಲ, ನಿಮಗೆ ಇದೆ. ಅದಕ್ಕೇ ನಾನು ರೋಗಿಗಳಿಗೆ "ಶೇ. 70 ಆಗುತ್ತದೆ" ಎಂದು ಹೇಳುವುದಿಲ್ಲ. "ಪ್ರೀಮೋಲಾರ್ ಜಾಗದಲ್ಲಿ ನಂಬಬಹುದು, ಕೊನೆಯ ಹಲ್ಲಿನಲ್ಲಿ ನಂಬಿ ಕೂರಬೇಡಿ" ಎನ್ನುತ್ತೇನೆ.

ಅಲೈನರ್‌ಗಳನ್ನು ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಎಲ್ಲ ಬಗೆಯ ಚಲನೆಗಳನ್ನೂ ಸೇರಿಸಿ ಇನ್ವಿಸಲೈನ್ ನಿಖರತೆ ಅಳೆದ 2020ರ ಇನ್ನೊಂದು ಅಧ್ಯಯನದಲ್ಲಿ ಸರಾಸರಿ ಶೇ. 50 ಬಂದಿತ್ತು. 2009ರಲ್ಲಿ ಮುಂದಿನ ಹಲ್ಲುಗಳಲ್ಲಿ ಅಳೆದಾಗ ಅದು 41 ಇತ್ತು. ಗುಂಡನೆಯ ಹಲ್ಲನ್ನು ತಿರುಗಿಸುವುದು, ಹಲ್ಲನ್ನು ಕೆಳಕ್ಕೆ ಎಳೆಯುವುದು ಇಂಥ ಕೆಲಸಗಳ ಪಕ್ಕದಲ್ಲಿಟ್ಟರೆ ಅಗಲ ಮಾಡುವುದು ಅಲೈನರ್‌ಗೆ ಒಗ್ಗುವ ಕೆಲಸ.

ಹಿಂದಕ್ಕೆ ಹೋದಂತೆ ಕಡಿಮೆಯಾಗಲು ಕಾರಣ ಒಂದಲ್ಲ. ಅಲೈನರ್ ಕುದುರೆಲಾಳದ ಆಕಾರದ ತಟ್ಟೆ. ಮುಂದೆ ಬಾಗು ಇದೆ, ಹಿಂದೆ ಎರಡು ತುದಿ ಸುಮ್ನೆ ತೆರೆದುಕೊಂಡಿವೆ. ಕೈಯಲ್ಲಿ ಹಿಡಿದು ಹಿಂದಿನ ತುದಿಗಳನ್ನು ಒಳಕ್ಕೆ ಒತ್ತಿ ನೋಡಿ, ಬೆರಳಿಗೆ ಯಾವ ತಡೆಯೂ ಸಿಗುವುದಿಲ್ಲ. ಮುಂದಿನ ಬಾಗಿನ ಹತ್ತಿರ ಒತ್ತಿದರೆ ಗಟ್ಟಿ ಅನಿಸುತ್ತದೆ. ಆ ಮೆತ್ತನೆಯ ತುದಿಗೇ ಮೂರು ಬೇರಿನ ಹಲ್ಲನ್ನು ತಳ್ಳುವ ಕೆಲಸ ಕೊಟ್ಟಿದ್ದೇವೆ. ಅದರ ಮೇಲೆ ದಪ್ಪ ಎಲುಬು, ಕೆನ್ನೆಯ ಒತ್ತಡ, ಅಗಿಯುವ ಬಲ, ಎಲ್ಲವೂ ಹಿಂದೆಯೇ ಜಾಸ್ತಿ. ಪ್ಲಾಸ್ಟಿಕ್ ಕೂಡ ಬಾಯಿಗೆ ಹಾಕಿದ ಮೊದಲ ಒಂದೆರಡು ದಿನದಲ್ಲೇ ತನ್ನ ಬಿಗಿಯನ್ನು ಸಾಕಷ್ಟು ಕಳೆದುಕೊಳ್ಳುತ್ತದೆ.

ಗೆಳತಿಗೆ ಏನಾಗಿರಬಹುದು ಎಂಬುದಕ್ಕೆ ನನ್ನ ಕುರ್ಚಿಯಲ್ಲಿ ಕೂತಿದ್ದ ಒಬ್ಬರನ್ನು ನೆನಪು ಮಾಡಿಕೊಳ್ಳುತ್ತೇನೆ. ಬೇರೆಡೆ ಅಲೈನರ್ ಮುಗಿಸಿ ಬಂದಿದ್ದರು. ಮುಂದಿನಿಂದ ನೋಡಿದರೆ ನಗು ಭರ್ತಿಯಾಗಿ ಕಾಣುತ್ತಿತ್ತು. "ಡಾಕ್ಟ್ರೇ, ನೋಡೋಕೆ ಚೆನ್ನಾಗಿದೆ, ತಿನ್ನೋಕೆ ಆಗ್ತಿಲ್ಲ. ಒಂದೇ ಕಡೆ ಚುಚ್ಚಿದ ಹಾಗೆ ತಾಗುತ್ತೆ" ಅಂದರು. ಹಲ್ಲಿನ ನಡುವೆ ಬಣ್ಣದ ಕಾಗದ ಇಟ್ಟು ಕಚ್ಚಿಸಿದೆ. ಸಾಮಾನ್ಯವಾಗಿ ಒಂದು ದವಡೆಹಲ್ಲಿನ ಮೇಲೆ ನಾಲ್ಕಾರು ಸಣ್ಣ ಚುಕ್ಕೆ ಬೀಳಬೇಕು. ಇವರಿಗೆ ಮೇಲಿನ ದವಡೆಹಲ್ಲಿನ ಅಂಗುಳ ಕಡೆಯ ಮೊನೆಯ (ಅಗಿಯುವ ಮುಖದ ಚೂಪು ದಿಬ್ಬದ) ಮೇಲೆ ಮಾತ್ರ ಒಂದು ಗಾಢ ನೀಲಿ ಚುಕ್ಕೆ. ಕೆನ್ನೆಯ ಕಡೆಯ ಮೊನೆ ಖಾಲಿ. ಆ ಖಾಲಿ ಸಂದಿನಲ್ಲಿ ಕಾಗದವನ್ನು ಎಳೆದರೆ ಸಲೀಸಾಗಿ ಬರುತ್ತಿತ್ತು.

ಆಗಿದ್ದು ಇಷ್ಟೇ. ಹಲ್ಲು ಹೊರಕ್ಕೆ ವಾಲಿದಾಗ ಕೆನ್ನೆಯ ಕಡೆಯ ಮೊನೆ ಮೇಲೆದ್ದಿತು, ಅಂಗುಳ ಕಡೆಯ ಮೊನೆ ಕೆಳಕ್ಕೆ ಜೋತುಬಿತ್ತು. ಅಗಲವಾದ ಮುಚ್ಚಳವನ್ನು ಒಂದು ಅಂಚಿನಲ್ಲಿ ಅದುಮಿದರೆ ಇನ್ನೊಂದು ಅಂಚು ಏಳುತ್ತದಲ್ಲ, ಹಾಗೆ. ಜೋತ ಮೊನೆಯೇ ಮೊದಲು ಕೆಳಗಿನ ಹಲ್ಲಿಗೆ ಬಡಿಯುತ್ತದೆ, ಉಳಿದ ಹಲ್ಲುಗಳು ಕೂಡುವುದೇ ಇಲ್ಲ. ಅವರ ಹಳೆಯ ಸ್ಕ್ಯಾನ್ ತರಿಸಿ ನೋಡಿದೆ. ಹಲ್ಲಿನ ತುದಿಗಳ ನಡುವೆ 3 ಮಿ.ಮೀ. ಹತ್ತಿರ ಅಗಲವಾಗಿತ್ತು. ಅಂಗುಳದ ಒಸಡಿನ ಅಂಚಿನಲ್ಲಿ ಅಳೆದರೆ ಒಂದನ್ನೂ ದಾಟಿರಲಿಲ್ಲ. ಯಾರೂ ತಪ್ಪು ಮಾಡಿದಂತೆ ಕಾಣುತ್ತಿರಲಿಲ್ಲ. ಕೇಳಿದ್ದನ್ನು ಪ್ಲಾಸ್ಟಿಕ್ ತನಗೆ ಗೊತ್ತಿರುವ ದಾರಿಯಲ್ಲಿ ಮಾಡಿಕೊಟ್ಟಿತ್ತು. ನಡುನಡುವೆ ನಿಂತು ಅಳೆಯುವವರು ಇರಲಿಲ್ಲ ಅಷ್ಟೇ.

ಹಿಂದಿನ ಹಲ್ಲು ಕೂಡದಿರುವುದಕ್ಕೆ ಇದೊಂದೇ ಕಾರಣ ಎಂದಲ್ಲ. ಅಲೈನರ್‌ನ ದಪ್ಪವೇ ಎರಡೂ ಸಾಲಿನ ನಡುವೆ ಇದ್ದು, ಹಗಲೂ ರಾತ್ರಿ ಕಚ್ಚಿ ಕಚ್ಚಿ ಹಿಂದಿನ ಹಲ್ಲು ಸ್ವಲ್ಪ ಎಲುಬಿನೊಳಕ್ಕೆ ಇಳಿಯುವುದೂ ಉಂಟು. ಅಂಥದ್ದು ಅಲೈನರ್ ತೆಗೆದು ಕೆಲವು ವಾರ ಬಿಟ್ಟರೆ ಬಹಳ ಸಲ ತಾನೇ ಕೂಡಿಕೊಳ್ಳುತ್ತದೆ. ಜೋತ ಮೊನೆ ತಾನೇ ಸರಿಹೋಗುವುದನ್ನು ನಾನು ನೋಡಿಲ್ಲ.

ಹೀಗಿರುವಾಗ ನಿಮಗೆ ಅಲೈನರ್ ಸರಿಯಾ ಅನ್ನುವ ಪ್ರಶ್ನೆ ಬರುತ್ತದೆ. ಉತ್ತರ ನಿಮ್ಮ ಸಾಲು ಯಾಕೆ ಕಿರಿದಾಗಿದೆ ಎಂಬುದರ ಮೇಲೆ ನಿಂತಿದೆ. ಕಿರಿದಾದ ಸಾಲುಗಳಲ್ಲಿ ಎರಡು ಜಾತಿ. ಒಂದರಲ್ಲಿ ಎಲುಬು ಅಗಲವಾಗಿಯೇ ಇರುತ್ತದೆ, ಹಲ್ಲುಗಳು ಮಾತ್ರ ಒಳಕ್ಕೆ ಬಾಗಿಕೊಂಡಿರುತ್ತವೆ. ಬೇಲಿ ಸರಿಯಾದ ಜಾಗದಲ್ಲೇ ಇದೆ, ಗೂಟಗಳು ಮಾತ್ರ ಒಳಕ್ಕೆ ಬಿದ್ದಿವೆ. ಎತ್ತಿ ನಿಲ್ಲಿಸಿದರೆ ಆಯಿತು. ಇನ್ನೊಂದರಲ್ಲಿ ಎಲುಬೇ ಕಿರಿದು. ಅಂಗುಳ ಇಕ್ಕಟ್ಟಾಗಿ, ಗೋಪುರದ ಹಾಗೆ ಎತ್ತರವಾಗಿ ಇರುತ್ತದೆ. ಅಲ್ಲಿ ಹಲ್ಲುಗಳು ಆಗಲೇ ಹೊರಕ್ಕೆ ವಾಲಿ ಹೇಗೋ ಕೆಳಗಿನ ಸಾಲನ್ನು ಮುಟ್ಟಲು ಒದ್ದಾಡುತ್ತಿರುತ್ತವೆ. ಅವನ್ನೇ ಮತ್ತೆ ಹೊರಕ್ಕೆ ತಳ್ಳಿದರೆ ಬೇರು ಹೊರಗಿನ ತೆಳು ಎಲುಬಿನ ಗೋಡೆಗೆ ಒತ್ತುತ್ತದೆ. ಆ ಗೋಡೆ ಕೆಲವು ಕಡೆ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಎಲುಬು ಸವೆದರೆ ಅದರ ಹಿಂದೆಯೇ ಒಸಡು ಇಳಿಯಬಹುದು. ಇಳಿದ ಒಸಡು ವಾಪಸು ಬೆಳೆಯುವುದಿಲ್ಲ.

ನಿಮ್ಮದು ಯಾವ ಜಾತಿ ಎಂದು ಕನ್ನಡಿಯ ಮುಂದೆ ಅಂದಾಜು ಮಾಡಬಹುದು. ಕಚ್ಚಿ, ಬೆರಳಿನಿಂದ ಕೆನ್ನೆ ಎಳೆದು ನೋಡಿ. ಮೇಲಿನ ಹಿಂದಿನ ಹಲ್ಲುಗಳು ಕೆಳಗಿನವನ್ನು ಹೊರಗಡೆಯಿಂದ ಸ್ವಲ್ಪ ಮುಚ್ಚಿರಬೇಕು. ಅವೇ ಒಳಗಡೆ ಬಿದ್ದಿದ್ದರೆ ಅದನ್ನು ಕ್ರಾಸ್‌ಬೈಟ್ ಎನ್ನುತ್ತೇವೆ. ಎರಡೂ ಕಡೆ ಹಲವು ಹಲ್ಲು ಹಾಗಿದ್ದು, ಅಂಗುಳವೂ ಇಕ್ಕಟ್ಟಾಗಿದ್ದರೆ ಎಲುಬಿನ ಮೇಲೆ ಅನುಮಾನ ಪಡಿ. ಮೇಲಿನ ದವಡೆಹಲ್ಲಿನ ಅಗಿಯುವ ಮುಖ ಕನ್ನಡಿಯಲ್ಲಿ ನೆಟ್ಟಗೆ ಕೆಳಕ್ಕೆ ನೋಡುತ್ತಿದೆಯಾ, ಒಳಕ್ಕಾ, ಕೆನ್ನೆಯ ಕಡೆಗಾ ಎಂಬುದನ್ನೂ ಗಮನಿಸಿ. ಈಗಾಗಲೇ ಕೆನ್ನೆಯ ಕಡೆಗೆ ಮುಖ ತಿರುಗಿಸಿದ್ದರೆ ಅಲೈನರ್‌ನಿಂದ ಅಲ್ಲಿ ಅಗಲ ಕೇಳುವುದು ಒಳ್ಳೆಯದಲ್ಲ. ಪಕ್ಕಾ ಉತ್ತರ ಬೇಕಾದರೆ ಸ್ಕ್ಯಾನ್, ಬೇಕೆನಿಸಿದರೆ ಮೂರು ಆಯಾಮದ ಎಕ್ಸ್‌ರೇ.

ಎಲುಬೇ ಕಿರಿದಾದವರಿಗೆ ದಾರಿ ಬೇರೆ ಇದೆ, ಅದು ಹಳೆಯದೂ ಹೌದು. ಅಂಗುಳದ ನಡುವೆ ಒಂದು ಹೊಲಿಗೆಯಂಥ ಕೂಡುಗೆರೆ ಇದೆ. ಮಕ್ಕಳಲ್ಲಿ ಅದನ್ನು ಸ್ಕ್ರೂ ಇರುವ ಸಾಧನದಿಂದ ಬಿಡಿಸಿ ಎಲುಬನ್ನೇ ಅಗಲ ಮಾಡಬಹುದು. ಎಮರ್ಸನ್ ಆಂಜೆಲ್ ಎಂಬ ದಂತವೈದ್ಯ 1860ರಲ್ಲೇ ಇದನ್ನು ಮಾಡಿ ಬರೆದಿದ್ದ. ಆಗ ಹೆಚ್ಚಿನವರು ನಂಬಲಿಲ್ಲ. ಸುಮಾರು ನೂರು ವರ್ಷದ ಮೇಲೆ, 1961ರಲ್ಲಿ ಆಂಡ್ರ್ಯೂ ಹಾಸ್ ಬರೆದ ಮೇಲೆ ಮತ್ತೆ ಚಾಲ್ತಿಗೆ ಬಂತು. ಮಕ್ಕಳಿಗಾಗಿ ಇದೇ ಕೆಲಸ ಮಾಡುವ, ತೆಗೆದು ಹಾಕುವ ಇನ್ವಿಸಲೈನ್ ಸಾಧನಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ನಿಮ್ಮ ತೆಳು ಅಲೈನರ್ ಅಲ್ಲ, ಬೇರೆಯೇ ಗಟ್ಟಿ ಸಾಧನ. ಎರಡನ್ನೂ ಒಂದೇ ಎಂದು ತಿಳಿದು ಕೇಳುವವರು ಈಗ ಜಾಸ್ತಿಯಾಗಿದ್ದಾರೆ, ಅದಕ್ಕೆ ಹೇಳಿದೆ. 31ರಲ್ಲಿ ಆ ಕೂಡುಗೆರೆ ಸಾಮಾನ್ಯವಾಗಿ ಗರಗಸದ ಹಲ್ಲುಗಳ ಹಾಗೆ ಬೆಸೆದುಕೊಂಡಿರುತ್ತದೆ. ಆಗ ಅಂಗುಳದ ಎಲುಬಿಗೇ ಸಣ್ಣ ಸ್ಕ್ರೂ ಕೂರಿಸಿ ಬಿಡಿಸುವುದು, ಇಲ್ಲವೇ ಶಸ್ತ್ರಚಿಕಿತ್ಸೆಯ ನೆರವು ತೆಗೆದುಕೊಳ್ಳುವುದು. ಅಲೈನರ್ ಹಾಕಿ ಸಾಲು ಅಗಲ ಮಾಡಿದರೆ ಮೂಗಿನ ದಾರಿ ಅಗಲವಾಗುತ್ತದೆ, ಗೊರಕೆ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಲ್ಲು ವಾಲಿದರೆ ಮೂಗಿನ ತಳ ಅಗಲವಾಗುವುದಿಲ್ಲ.

ನಿಮ್ಮ ಮಟ್ಟಿಗೆ ಒಂದು ಸಮಾಧಾನದ ವಿಷಯ ಇದೆ. ನಕ್ಕಾಗ ಕಾಣುವ ಕಪ್ಪು ಸಂದು ತುಂಬುವುದು ಮುಖ್ಯವಾಗಿ ಪ್ರೀಮೋಲಾರ್‌ಗಳಿಂದ. ಅಲೈನರ್ ಚೆನ್ನಾಗಿ ಕೆಲಸ ಮಾಡುವ ಜಾಗವೂ ಅದೇ. ಕೊನೆಯ ದವಡೆಹಲ್ಲನ್ನು ನಗುವಿನಲ್ಲಿ ಯಾರೂ ನೋಡುವುದಿಲ್ಲ. ಕ್ರಾಸ್‌ಬೈಟ್ ಇಲ್ಲದಿದ್ದರೆ ದವಡೆಹಲ್ಲಿನ ಆ 4 ಮಿ.ಮೀ. ಯಾಕೆ ಬೇಕು ಎಂದು ನಿಮ್ಮ ಡಾಕ್ಟರನ್ನು ಕೇಳಿ. ನಾನಾಗಿದ್ದರೆ ಪ್ರೀಮೋಲಾರ್‌ನಲ್ಲಿ ಬದಿಗೆ ಎರಡು ಮಿಲಿಮೀಟರ್ ಆಸುಪಾಸಿಗೆ ನಿಲ್ಲಿಸುತ್ತಿದ್ದೆ, ದವಡೆಹಲ್ಲನ್ನು ಅದರ ಅರ್ಧದಷ್ಟು ಮಾತ್ರ ಮುಟ್ಟುತ್ತಿದ್ದೆ. ಸಾಫ್ಟ್‌ವೇರ್‌ಗೆ ಸಾಲು ಅಂದವಾದ ಕಮಾನಾಗಿ ಕಂಡರೆ ಸಾಕು, ಅದು ಎಲ್ಲ ಹಲ್ಲನ್ನೂ ಎಳೆದು ಆ ಗೆರೆಯ ಮೇಲೆ ನಿಲ್ಲಿಸುತ್ತದೆ. ಬೇಡದ ಕಡೆ ಬೇಡ ಎನ್ನುವುದು ಡಾಕ್ಟರ ಕೆಲಸ.

ಹಾಗಾದರೆ ಮೊದಲೇ ಜಾಸ್ತಿ ಕೇಳಿಬಿಟ್ಟರೆ? ಹತ್ತರಲ್ಲಿ ಏಳು ಬರುತ್ತದಾದರೆ ಹದಿನಾಲ್ಕು ಕೇಳಿ ಹತ್ತು ಪಡೆಯೋಣ ಅನ್ನುವ ಲೆಕ್ಕ. ಸಂತೆಯ ಚೌಕಾಸಿಗೆ ಸರಿ, ಹಲ್ಲಿಗೆ ಪೂರ್ತಿ ಸರಿಯಲ್ಲ. ಜಾಸ್ತಿ ಅಗಲ ಕೇಳಿದರೆ ಜಾಸ್ತಿ ಬರುತ್ತದೆ ನಿಜ, ಆದರೆ ಬರುವುದು ಜಾಸ್ತಿ ವಾಲಿಕೆ. ಬೇರು ಅಲ್ಲೇ ಕೂತಿರುತ್ತದೆ. ಹೀಗಾಗಿ ಅನುಭವ ಇರುವವರು ಹೆಚ್ಚು ಕೇಳುವುದನ್ನು ಬೇರೆ ಕಡೆ ಇಡುತ್ತಾರೆ. ಪ್ಲಾನ್‌ನಲ್ಲಿ ದವಡೆಹಲ್ಲಿನ ಬೇರು ಕೆನ್ನೆಯ ಕಡೆಗೆ, ತಲೆ ಒಳಕ್ಕೆ ಇರುವಂತೆ ಸ್ವಲ್ಪ ತಿರುಚು ಮೊದಲೇ ಸೇರಿಸುತ್ತಾರೆ. ತೆರೆಯ ಮೇಲೆ ಹಲ್ಲು ವಿಚಿತ್ರವಾಗಿ, ಒಳಕ್ಕೆ ಬಗ್ಗಿದಂತೆ ಕಾಣುತ್ತದೆ. ರೋಗಿಗಳು ನೋಡಿ ಗಾಬರಿಯಾಗುತ್ತಾರೆ. ಅದು ತಪ್ಪಲ್ಲ. ಪ್ಲಾಸ್ಟಿಕ್ ಹೊರಕ್ಕೆ ವಾಲಿಸುವುದು ಗ್ಯಾರಂಟಿ ಎಂದು ಗೊತ್ತಿರುವುದರಿಂದ ಎದುರು ದಿಕ್ಕಿನಲ್ಲಿ ಕಟ್ಟಿದ ಬುತ್ತಿ ಅದು. ಮಿಲಿಮೀಟರ್‌ನಲ್ಲೂ ಸ್ವಲ್ಪ ಹೆಚ್ಚು ಇಡುವುದುಂಟು, ಅದೂ ಹಿಂದಿನ ಹಲ್ಲಿನಲ್ಲಿ, ಅದೂ ಕ್ರಾಸ್‌ಬೈಟ್ ಇದ್ದಾಗ.

ಹಲ್ಲಿನ ಮೇಲೆ ಅಂಟಿಸುವ ಸಣ್ಣ ಉಬ್ಬುಗಳು, ಅಂದರೆ ಅಟ್ಯಾಚ್‌ಮೆಂಟ್‌ಗಳು, ಪ್ಲಾಸ್ಟಿಕ್‌ಗೆ ಹಿಡಿತ ಕೊಡುತ್ತವೆ. ಎಲ್ಲ ಹಲ್ಲನ್ನೂ ಒಟ್ಟಿಗೆ ತಳ್ಳುವ ಬದಲು ಕೆಲವನ್ನು ತಳ್ಳಿ ಉಳಿದವನ್ನು ಆಸರೆಗೆ ನಿಲ್ಲಿಸುವ ಕ್ರಮವೂ ಇದೆ. ಒಂದೆರಡು ಹಲ್ಲು ಮಾತ್ರ ಕ್ರಾಸ್‌ಬೈಟ್‌ನಲ್ಲಿದ್ದರೆ ಮೇಲಿನ ಹಲ್ಲಿನ ಅಂಗುಳ ಕಡೆಯಿಂದ ಕೆಳಗಿನ ಹಲ್ಲಿನ ಕೆನ್ನೆ ಕಡೆಗೆ ಸಣ್ಣ ರಬ್ಬರ್ ಹಾಕಿಸುತ್ತೇವೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಹಲ್ಲನ್ನು ಒಸಡಿನಿಂದ ಸ್ವಲ್ಪ ಹೊರಕ್ಕೂ ಎಳೆಯುತ್ತದೆ, ವಾರಗಟ್ಟಲೆ ನೋಡದೆ ಬಿಡುವಂತಿಲ್ಲ. ಇದೆಲ್ಲ ಡಾಕ್ಟರ್ ಕೈಯಲ್ಲಿರುವುದು. ನಿಮ್ಮ ಕೈಯಲ್ಲಿರುವುದು ಒಂದೇ, ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಳ್ಳುವುದು. 15 ಗಂಟೆ ಹಾಕಿ "ನಂಗೆ ಬರೀ ಅರ್ಧ ಬಂತು" ಅಂದರೆ ಅದಕ್ಕೆ ಯಾವ ಅಧ್ಯಯನವೂ ಬೇಡ.

ನಿಮ್ಮ ಮುಂದಿನ ಹಲ್ಲುಗಳು ಒತ್ತಿಕೊಂಡಿವೆ ಎಂದಿರಿ. ಇಲ್ಲೊಂದು ಲೆಕ್ಕ ಬಹಳ ಸಲ ಕೈಕೊಡುತ್ತದೆ. ಸಾಲು ಅಗಲವಾದರೆ ಜಾಗ ಸಿಗುತ್ತದೆ, ಆ ಜಾಗದಲ್ಲಿ ಮುಂದಿನ ಹಲ್ಲು ಬಿಡಿಸಿಕೊಳ್ಳುತ್ತದೆ ಎಂದು ಪ್ಲಾನ್ ಹೇಳುತ್ತದೆ. ಆದರೆ ಅಗಲಕ್ಕೂ ಜಾಗಕ್ಕೂ ಒಂದಕ್ಕೊಂದು ಲೆಕ್ಕ ಇಲ್ಲ. ಅಂಗುಳ ಅಗಲ ಮಾಡಿದ ರೋಗಿಗಳ ಮೇಲೆ 1990ರಲ್ಲಿ ಬಂದ ಅಧ್ಯಯನದಲ್ಲಿ ಮೊದಲ ಪ್ರೀಮೋಲಾರ್‌ನಲ್ಲಿ 1 ಮಿ.ಮೀ. ಅಗಲಕ್ಕೆ ಸಾಲಿನ ಸುತ್ತಳತೆ ಸುಮಾರು 0.7 ಮಿ.ಮೀ. ಬೆಳೆದಿತ್ತು. ದವಡೆಹಲ್ಲಿನಲ್ಲಿ ಮಾತ್ರ ಅಗಲ ಮಾಡಿದರೆ ಇದಕ್ಕಿಂತಲೂ ಕಡಿಮೆ. ಈಗ ನೋಡಿ. 5 ಬರಬೇಕಾದಲ್ಲಿ 3.8 ಬಂತು. ಸುಮಾರು 3.5 ಮಿ.ಮೀ. ಜಾಗ ಸಿಗಬೇಕಾದಲ್ಲಿ 2.7 ಸಿಕ್ಕಿತು. ಉಳಿದದ್ದಕ್ಕೆ ಹಲ್ಲು ಎಲ್ಲಿ ಹೋಗಬೇಕು? ಮುಂದಕ್ಕೆ. ಬಾಚಿಹಲ್ಲು ತುಟಿಯ ಕಡೆಗೆ ಚಾಚಿಕೊಳ್ಳುತ್ತದೆ, ಇಲ್ಲವೇ ಒತ್ತಿಕೊಂಡೇ ಉಳಿದು ಅಲೈನರ್ ಸರಿಯಾಗಿ ಕೂರುವುದಿಲ್ಲ. ಹಿಂದೆ ತಪ್ಪಿದ ಲೆಕ್ಕ ಮುಂದೆ ಹೀಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಜಾಗದ ಲೆಕ್ಕವನ್ನು ಪೂರ್ತಿ ಅಗಲದ ಮೇಲೆ ಹಾಕದೆ, ಹಲ್ಲುಗಳ ನಡುವೆ ಕೂದಲೆಳೆಯಷ್ಟು ಉಜ್ಜಿ ಸ್ವಲ್ಪ ಜಾಗ ಮಾಡಿಕೊಳ್ಳುವುದು ನನಗೆ ಹೆಚ್ಚು ನಂಬಿಕೆಯ ದಾರಿ. ಒಂದು ಸಂದಿಗೆ 0.2, 0.3 ಮಿ.ಮೀ. ಸಾಕಾಗುತ್ತದೆ. ಉಜ್ಜುವುದು ಅಂದ ಕೂಡಲೇ ಹೆದರುವವರೇ ಎಲುಬಿನಿಂದ ಬೇರು ಹೊರಗೆ ಹೋಗುವುದಕ್ಕೆ ಹೆದರುವುದಿಲ್ಲ, ನನಗೆ ಇದು ಇನ್ನೂ ಅರ್ಥವಾಗಿಲ್ಲ.

ಇನ್ನು ಉಳಿಯುವ ಪ್ರಶ್ನೆ. ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಕೆನ್ನೆ ತುಟಿ. ಹಲ್ಲುಗಳು ಇವುಗಳ ನಡುವಿನ ಒಪ್ಪಂದದ ಜಾಗದಲ್ಲಿ ನಿಂತಿರುತ್ತವೆ. ಅಲ್ಲಿಂದ ಎಬ್ಬಿಸಿದರೆ ವಾಪಸು ತಳ್ಳಲು ನೋಡುತ್ತವೆ. ಮೇಲಿನ ಪ್ರೀಮೋಲಾರ್ ಅಗಲ ಒಂದಷ್ಟು ಮಟ್ಟಿಗೆ ನಿಲ್ಲುತ್ತದೆ. ಕೆಳಗಿನ ಕೋರೆಹಲ್ಲುಗಳ ನಡುವಿನ ಅಗಲ ಮಾತ್ರ ಯಾರ ಮಾತೂ ಕೇಳುವುದಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟಲ್ ಮತ್ತು ಜೊತೆಯವರು ಚಿಕಿತ್ಸೆ ಮುಗಿಸಿದವರನ್ನು ಹತ್ತು, ಇಪ್ಪತ್ತು ವರ್ಷ ಬೆನ್ನುಹತ್ತಿ ಅಳೆದರು. ಆ ಅಗಲ ಮತ್ತೆ ಮತ್ತೆ ಕುಗ್ಗಿದ್ದು ಕಂಡಿತು. ನಿಮ್ಮ ಪ್ಲಾನ್‌ನಲ್ಲಿ ಕೆಳಗಿನ ಕೋರೆಹಲ್ಲಿನ ಅಗಲ ಹೆಚ್ಚಾಗಿದೆಯಾ ಎಂದು ನೋಡಿ. ಹೆಚ್ಚಾಗಿದ್ದರೆ ಮೊದಲ ಪ್ರಶ್ನೆ ಅಲ್ಲೇ ಕೇಳಿ. ರಿಟೇನರ್, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲ ಉಳಿಯಬೇಕು ಅಂದಷ್ಟು ಕಾಲ ರಾತ್ರಿ ಹಾಕಿಕೊಳ್ಳಬೇಕು.

ನಿಮ್ಮ ಡಾಕ್ಟರ ಮುಂದೆ ಕೂತಾಗ ಚಿತ್ರ ಓಡಿಸಿ ತೋರಿಸಿ ಎನ್ನಬೇಡಿ, ಅದನ್ನು ನೋಡಿಯಾಗಿದೆ. ಅಗಲದ ಪಟ್ಟಿ ತೋರಿಸಿ ಎನ್ನಿ. ಸಾಫ್ಟ್‌ವೇರ್‌ನಲ್ಲಿ ಹಲ್ಲುಹಲ್ಲಿಗೂ ಮೊದಲಿನ ಅಗಲ, ಕೊನೆಯ ಅಗಲ ಇರುತ್ತದೆ. ಆಮೇಲೆ ಮೊದಲ ದವಡೆಹಲ್ಲನ್ನು ಹಿಂದಿನಿಂದ ಅಡ್ಡಲಾಗಿ ತೋರಿಸಿ, ಬೇರು ಎಷ್ಟು ಸರಿಯುತ್ತದೆ, ವಾಲಿಕೆ ಎಷ್ಟು ಡಿಗ್ರಿ ಎಂದು ಕೇಳಿ. ಒಸಡು ತೆಳುವಾಗಿದೆಯಾ, ಹೊರಗಿನ ಎಲುಬು ತಡೆಯುತ್ತದಾ ಎಂದೂ ಕೇಳಿ. ಇದಕ್ಕೆಲ್ಲ ಬೇಸರಪಡದೆ ಉತ್ತರಿಸುವ ಡಾಕ್ಟರ್ ಸಿಕ್ಕರೆ ಬಿಡಬೇಡಿ. ಎರಡನೇ ಸುತ್ತಿನ ಅಲೈನರ್, ಅಂದರೆ ರಿಫೈನ್‌ಮೆಂಟ್, ಬೇಕಾಗಬಹುದು ಎಂದು ಅವರು ಮೊದಲೇ ಹೇಳಿದರೆ ಅದನ್ನು ಸೋಲು ಎಂದುಕೊಳ್ಳಬೇಡಿ. ಅಗಲ ಮಾಡುವ ಕೇಸಿನಲ್ಲಿ ಒಂದು ಸುತ್ತಿಗೇ ಮುಗಿದರೆ ಆಶ್ಚರ್ಯ ನನಗೇ ಆಗುತ್ತದೆ.

ಇನ್ನೊಂದು ಕೆಲಸ ಮನೆಯಲ್ಲೇ ಮಾಡಿ. ಮೂರು ನಾಲ್ಕು ಅಲೈನರ್ ಆದ ಮೇಲೆ, ಹೊಸದನ್ನು ಹಾಕಿಕೊಂಡು ಎರಡು ದಿನ ಬಿಟ್ಟು, ಟಾರ್ಚ್ ಹಿಡಿದು ಕೊನೆಯ ದವಡೆಹಲ್ಲಿನ ಹತ್ತಿರ ನೋಡಿ. ಪ್ಲಾಸ್ಟಿಕ್‌ಗೂ ಹಲ್ಲಿಗೂ ನಡುವೆ ಗಾಳಿಯ ಸಂದು ಕಂಡರೆ ಹಲ್ಲು ಪ್ಲಾನ್‌ಗಿಂತ ಹಿಂದೆ ಬಿದ್ದಿದೆ ಎಂದರ್ಥ. ಮುಂದಿನ ಅಲೈನರ್‌ಗೆ ಹಾರಬೇಡಿ, ಈಗಿರುವುದನ್ನೇ ಇನ್ನೊಂದು ವಾರ ಹಾಕಿಕೊಂಡು ಫೋಟೊ ತೆಗೆದು ಡಾಕ್ಟರಿಗೆ ಕಳಿಸಿ. ಅರ್ಧ ದಾರಿಯಲ್ಲಿ ಒಂದು ಹೊಸ ಸ್ಕ್ಯಾನ್ ಮಾಡಿ, ಆ ಹಂತಕ್ಕೆ ಪ್ಲಾನ್ ಹೇಳಿದ ಅಗಲದ ಪಕ್ಕದಲ್ಲಿಟ್ಟು ತೋರಿಸಿ ಎಂದು ಈಗಲೇ ಮಾತು ತೆಗೆದುಕೊಳ್ಳಿ. ಗೆಳತಿಗೆ ಕೊನೆಗೆ ಗೊತ್ತಾದದ್ದು ನಿಮಗೆ ಆಗ ನಡುವಿನಲ್ಲೇ ಗೊತ್ತಾಗುತ್ತದೆ. ಆ ಹೊತ್ತಿಗೆ ಜೋತ ಮೊನೆಯನ್ನು ಮೇಲೆತ್ತಲು ಅಲೈನರ್‌ಗಳು ಇನ್ನೂ ಕೈಯಲ್ಲಿ ಇರುತ್ತವೆ.